ಚಪ್ಪಟೆ ಮಾನಿಟರ್: ಕರ್ನಾಟಕದಲ್ಲಿ, ತುಮಕೂರು ಸೀಮೆಯಲ್ಲಿ

ಚಪ್ಪಟೆ ಮಾನಿಟರ್ ಎಂದರೆ ಗಣಕಯಂತ್ರದ ಅಕ್ಷರ, ಚಿತ್ರಗಳನ್ನು ತೋರಿಸುವ ತೆಳುವಾದ ಪರದೆ. ಗಾಜಿನ ಕೊಳವೆಯ ದಪ್ಪ ಮಾನಿಟರಿನ (ಸಿಆರ್‌ಟಿ) ಜಾಗಕ್ಕೆ ಇದು ಬಂದದ್ದು 2000ರ ದಶಕದಲ್ಲಿ. ಇಂದು ಎಲ್‌ಇಡಿ ಎಂದು ಮಾರಾಟವಾಗುವ ಮಾನಿಟರುಗಳಲ್ಲಿ ಹೆಚ್ಚಿನವು ಎಲ್‌ಸಿಡಿಗಳೇ. ಬದಲಾದದ್ದು ಹಿಂದಿನಿಂದ ಬೆಳಕು ಕೊಡುವ ದೀಪ ಮಾತ್ರ.

ಎಲ್‌ಸಿಡಿಯ ಮೂಲದ್ರವ್ಯವಾದ ದ್ರವಸ್ಫಟಿಕವನ್ನು (ಲಿಕ್ವಿಡ್ ಕ್ರಿಸ್ಟಲ್) 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್‌ರಿಶ್ ರೈನಿಟ್ಸರ್ ಗುರುತಿಸಿದ. ಅದರಿಂದ ಪರದೆ ಮಾಡಬಹುದೆಂದು ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್ಮೈಯರ್ ತಂಡ 1968ರಲ್ಲಿ ತೋರಿಸಿತು. ಎರಡು ಗಾಜುಗಳ ನಡುವೆ ಅಣುಗಳನ್ನು ಕಾಲು ಸುತ್ತು ತಿರುಚಿ ನಿಲ್ಲಿಸಿ, ವಿದ್ಯುತ್ತು ಕೊಟ್ಟಾಗ ಆ ತಿರುಚು ಬಿಚ್ಚಿ ಬೆಳಕು ತಡೆಯುವ ಟಿಎನ್ ವಿಧಾನವನ್ನು 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಶ್ ರೂಪಿಸಿದರು. ಮೊದಲು ಇದು ಸೇರಿದ್ದು ಕ್ಯಾಲ್ಕುಲೇಟರು, ಕೈಗಡಿಯಾರಗಳಿಗೆ. ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯಿದ್ದ ತುಮಕೂರಿಗೆ ದ್ರವಸ್ಫಟಿಕ ಮೊದಲು ಪ್ರತಿಸ್ಪರ್ಧಿಯಾಗಿಯೇ ಎದುರಾಯಿತು. ಕೀಲಿ ಕೊಡುವ ಗಡಿಯಾರಗಳ ಕಾಲ ಮುಗಿದು, ಆ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ.

ಟಿಎನ್ ಪರದೆಗೆ ಒಂದು ದೊಡ್ಡ ಕೊರತೆಯಿತ್ತು. ನೇರ ಕುಳಿತವರಿಗೆ ಚೆನ್ನಾಗಿ ಕಾಣುವ ಚಿತ್ರ ಪಕ್ಕದಲ್ಲಿ ನಿಂತವರಿಗೆ ಮಂಕಾಗುತ್ತಿತ್ತು, ಕೆಳಗಿನಿಂದ ನೋಡಿದರೆ ಕಪ್ಪು ಬಿಳಿ ತಿರುಗುಮುರುಗಾಗುತ್ತಿತ್ತು. ವಿದ್ಯುತ್ತು ಕೊಟ್ಟಾಗಲೂ ಗಾಜಿಗೆ ತಾಗಿದ ಅಣುಗಳು ಪೂರ್ತಿ ನೆಟ್ಟಗಾಗದೆ ಓರೆಯಾಗಿಯೇ ಉಳಿಯುವುದರಿಂದ ಓರೆ ಬೆಳಕು ಸೋರುತ್ತದೆ. ಇದರ ಪರಿಹಾರದ ಬೇರು ಬೆಂಗಳೂರಿನಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಶಿವರಾಮಕೃಷ್ಣ ಚಂದ್ರಶೇಖರ್ (1930–2004) ಅವರು ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಜೊತೆಗೂಡಿ 1977ರಲ್ಲಿ ‘ಪ್ರಮಾಣ’ ಪತ್ರಿಕೆಯಲ್ಲಿ ಒಂದು ಕಿರುಲೇಖನ ಪ್ರಕಟಿಸಿದರು. ಅಲ್ಲಿಯವರೆಗೆ ದ್ರವಸ್ಫಟಿಕದ ಅಣುಗಳೆಂದರೆ ಕಡ್ಡಿಯಾಕಾರದವು ಎಂಬುದೇ ರೂಢಿಯ ತಿಳಿವಳಿಕೆ. ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಕೊಂಡು ದ್ರವಸ್ಫಟಿಕವಾಗುತ್ತವೆ ಎಂದು ಈ ಮೂವರು ತೋರಿಸಿದರು. ಪರದೆ ತಯಾರಿಸುವುದು ಅವರ ಗುರಿಯಾಗಿರಲಿಲ್ಲ. ಆದರೆ ಕಡ್ಡಿ ಅಣುಗಳು ಓರೆ ಬೆಳಕಿಗೆ ಮಾಡುವ ಕೆಡುಕನ್ನು ಬಿಲ್ಲೆ ಅಣುಗಳು ತದ್ವಿರುದ್ಧವಾಗಿ ಸರಿದೂಗಿಸಬಲ್ಲವು. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಬಿಲ್ಲೆ ಅಣುಗಳನ್ನು ಲೇಪಿಸಿದ ತೆಳು ಹಾಳೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದನ್ನು ಪರದೆಗೆ ಅಂಟಿಸಿದ ಮೇಲೆ ಅಗ್ಗದ ಟಿಎನ್ ಮಾನಿಟರನ್ನು ಪಕ್ಕದಿಂದಲೂ ನೋಡುವಂತಾಯಿತು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು. ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವೆಂದು ಹೆಸರು ಬದಲಿಸಿಕೊಂಡ ಅದು ಈಗ ತುಮಕೂರು ರಸ್ತೆ ಕಡೆಯ ಶಿವನಪುರದಲ್ಲಿದೆ. ಹಾಳೆ ತಯಾರಾದದ್ದು ಜಪಾನಿನಲ್ಲಿ, ಪರದೆಗಳು ಕೊರಿಯಾ, ತೈವಾನ್, ಚೀನಾಗಳಲ್ಲಿ. ಅವೆಲ್ಲ ಮತ್ತೆ ಆಮದು ಮಾಲಾಗಿ ನಮ್ಮ ಅಂಗಡಿಗಳಿಗೆ ಬಂದವು. ನಮ್ಮ ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವಿನ ದಾರಿ ಎಷ್ಟು ಉದ್ದ ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಹಳ್ಳಿಯವರ ಕಣ್ಣಿಗೆ ಮಾನಿಟರು ಬಿದ್ದದ್ದು ಹೆಚ್ಚಾಗಿ ಪಹಣಿಯ ನೆಪದಲ್ಲಿ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, 2000ರ ದಶಕದ ಆರಂಭಕ್ಕೆ ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರ ತೆರೆಯಿತು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕು ಕಚೇರಿಗಳೂ ಇದರಲ್ಲಿ ಸೇರಿದ್ದವು. ಆಗ ಪ್ರತಿಗೆ 15 ರೂಪಾಯಿ ಇತ್ತು. ಈ ಕೇಂದ್ರಗಳಲ್ಲಿ ಗುಮಾಸ್ತರ ಪರದೆಯಲ್ಲದೆ ರೈತರ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಡುವ ವ್ಯವಸ್ಥೆ ಮಾಡಲಾಯಿತು. ತನ್ನ ಸರ್ವೆ ನಂಬರಿನ ಮೇಲೆ ಏನು ದಾಖಲಾಗುತ್ತಿದೆ ಎಂದು ಅರ್ಜಿದಾರ ಅಲ್ಲೇ ನೋಡಬಹುದಿತ್ತು. ಗ್ರಾಮಲೆಕ್ಕಿಗರ ಪುಸ್ತಕ ಯಾರ ಕಣ್ಣಿಗೂ ಬೀಳದಿದ್ದ ಕಾಲವನ್ನು ನೆನೆದರೆ, ಸಾಫ್ಟ್‌ವೇರಿಗಿಂತ ಈ ಎರಡನೆಯ ಪರದೆಯೇ ಹೆಚ್ಚು ದಿಟ್ಟ ನಿರ್ಧಾರ ಎನ್ನಬೇಕು. ಮುಂದೆ ಹೋಬಳಿ ಮಟ್ಟದ ನಾಡಕಚೇರಿಗಳಲ್ಲೂ ಗಣಕ ಬಂದಾಗ ಮೇಜಿನ ಮೇಲೆ ನಿಂತದ್ದು ಚಪ್ಪಟೆ ಮಾನಿಟರು.

ಕರೆಂಟು ಹೋಗಿ ಬರುವ ಊರುಗಳಲ್ಲಿ ಈ ಬದಲಾವಣೆಗೆ ವಿದ್ಯುತ್ತಿನ ಉಳಿತಾಯವೂ ಕಾರಣ. 17 ಇಂಚಿನ ದಪ್ಪ ಮಾನಿಟರು ಸುಮಾರು 70–80 ವ್ಯಾಟ್ ಎಳೆಯುತ್ತಿದ್ದರೆ, 18.5 ಇಂಚಿನ ಎಲ್‌ಇಡಿ ಮಾನಿಟರಿಗೆ ಅದರ ಕಾಲು ಭಾಗದಷ್ಟೇ ಸಾಕು. ಅದೇ ಯುಪಿಎಸ್ ಮೊದಲಿಗಿಂತ ಹೆಚ್ಚು ಹೊತ್ತು ಬರುತ್ತದೆ. ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರಗಳವರಿಗೆ ಇದು ಲಾಭ. ಲಗ್ನಪತ್ರಿಕೆ, ಫ್ಲೆಕ್ಸ್ ವಿನ್ಯಾಸ ಮಾಡುವವರಿಗೆ ಮಾತ್ರ ಟಿಎನ್ ಪರದೆಯ ಬಣ್ಣದ ಮೇಲೆ ನಂಬಿಕೆ ಸಾಲದು. 1996ರಲ್ಲಿ ಹಿಟಾಚಿ ಹೊರತಂದ ಐಪಿಎಸ್ ವಿಧದ ಪರದೆಗಳು ಅಗ್ಗವಾದ ಮೇಲೆ ಈ ತೊಂದರೆ ಕಡಿಮೆಯಾಯಿತು.

ಕನ್ನಡಕ್ಕೆ ಪರದೆಯ ಸಾಂದ್ರತೆ ಇಂಗ್ಲಿಷಿಗಿಂತ ಮುಖ್ಯ. ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು ಎರಡಕ್ಕೂ ಎತ್ತರ ಬೇಕು. ಆ ಎತ್ತರದಲ್ಲಿ ಚುಕ್ಕಿಗಳು ಸಾಲದಿದ್ದರೆ ‘ಷ್ಟ್ರ’ದಂಥ ಕೂಡಕ್ಷರ ಮಸಿಯ ಕಲೆಯಾಗುತ್ತದೆ. 1366×768 ಚುಕ್ಕಿಗಳ 18.5 ಇಂಚಿನ ಪರದೆಯಲ್ಲಿ ಇಂಚಿಗೆ 85 ಚುಕ್ಕಿ. 1920×1080ರ 21.5 ಇಂಚಿನದರಲ್ಲಿ 102, ಅದೇ 1080 ಸಾಲುಗಳು 24 ಇಂಚಿಗೆ ಹಿಗ್ಗಿದರೆ 92. ಹೀಗಾಗಿ ‘ನುಡಿ’ ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ದಿನವಿಡೀ ಟೈಪು ಮಾಡುವವರಿಗೆ ದೊಡ್ಡ ಪರದೆಯೇ ಒಳ್ಳೆಯದೆಂಬ ಅಂಗಡಿಯ ಮಾತು ಅರ್ಧ ಸತ್ಯ.

ಆಟದವರು ಚಪ್ಪಟೆ ಮಾನಿಟರನ್ನು ಬೇಗ ಒಪ್ಪಲಿಲ್ಲ. ಸೈಬರ್ ಸೆಂಟರುಗಳಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಕಾಲದ ದಪ್ಪ ಮಾನಿಟರುಗಳು ಸೆಕೆಂಡಿಗೆ 85 ಬಾರಿ, ಕೆಲವು 100 ಬಾರಿ ಚಿತ್ರ ಬದಲಿಸುತ್ತಿದ್ದವು. ಮೊದಲ ಎಲ್‌ಸಿಡಿಗಳ ವೇಗ 60ಕ್ಕೆ ನಿಂತಿತ್ತು. ಸಾಲದೆಂಬಂತೆ, ಚಿತ್ರ ಪ್ರತಿ 16.7 ಮಿಲಿಸೆಕೆಂಡಿಗೆ ಬದಲಾಗಬೇಕಾದಾಗ ಚುಕ್ಕಿಯೊಂದು ಬಣ್ಣ ಬದಲಿಸಲು 25 ಮಿಲಿಸೆಕೆಂಡು ತೆಗೆದುಕೊಳ್ಳುತ್ತಿತ್ತು. ಓಡುವ ಆಕೃತಿಯ ಹಿಂದೆ ನೆರಳು ಬಾಲದಂತೆ ಎಳೆಯುತ್ತಿದ್ದುದು ಇದರಿಂದಲೇ. 2009ರ ಸುಮಾರಿಗೆ 120 ಹರ್ಟ್ಸ್ (ಸೆಕೆಂಡಿಗೆ 120 ಬಾರಿ), 2012ರಲ್ಲಿ 144 ಹರ್ಟ್ಸ್ ಮಾನಿಟರುಗಳು ಬಂದವು. ಪರದೆಯ ವೇಗವನ್ನು ಗ್ರಾಫಿಕ್ಸ್ ಕಾರ್ಡಿನ ವೇಗಕ್ಕೆ ಹೊಂದಿಸುವ ಜಿ-ಸಿಂಕ್ ತಂತ್ರವನ್ನು ಎನ್ವಿಡಿಯಾ 2013ರಲ್ಲಿ ಪ್ರಕಟಿಸಿತು. ಸಿದ್ಧಗಂಗಾ, ಶ್ರೀ ಸಿದ್ಧಾರ್ಥ, ಗುಬ್ಬಿಯ ಚನ್ನಬಸವೇಶ್ವರ ಹೀಗೆ ಎಂಜಿನಿಯರಿಂಗ್ ಕಾಲೇಜುಗಳಿರುವ ಜಿಲ್ಲೆಯಾದರೂ, ಊರೂರಿಗೆ ಆಟ ಹಬ್ಬಿದ್ದು ಮಾನಿಟರಿನಿಂದಲ್ಲ, ಮೊಬೈಲಿನಿಂದ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದಾಗ ಎದ್ದ ಗದ್ದಲವೇ ಸಾಕ್ಷಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆ ಇ-ಕ್ರೀಡೆಗೆ ಮಾನ್ಯತೆ ನೀಡಿದೆ.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕಚೇರಿಗಳು ಮುಚ್ಚಿ, ಐಟಿ ನೌಕರರು ಊರಿಗೆ ಮರಳಿದಾಗ ಲ್ಯಾಪ್‌ಟಾಪಿನ ಪಕ್ಕಕ್ಕೆ ಇನ್ನೊಂದು ಮಾನಿಟರು ಬಂತು. ಹಗಲು ಕೋಡು, ರಾತ್ರಿ ಆಟ. 75 ಅಥವಾ 100 ಹರ್ಟ್ಸಿನ ಐಪಿಎಸ್ ಮಾನಿಟರು ಎರಡಕ್ಕೂ ಒದಗುತ್ತದೆ. 144ರ ಮೇಲಿನ ವೇಗಕ್ಕೆ ದುಡ್ಡು ಕೊಟ್ಟು, ಅಷ್ಟು ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡಿಲ್ಲದೆ ಕೂರುವುದು ವ್ಯರ್ಥ.

ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸ, ಮೊದಲ ತಲೆಮಾರಿನ ಎಲ್‌ಸಿಡಿ ದೀಪದಲ್ಲಿ ಪಾದರಸ ಇರುವುದರಿಂದ ಇವು ಗುಜರಿಗೆ ಹಾಕುವ ಸಾಮಾನಲ್ಲ. 2012ರಲ್ಲಿ ಮೊದಲು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಈಗಿನ ರೂಪ ಇವಕ್ಕೂ ಅನ್ವಯಿಸುತ್ತದೆ. ಕೆಟ್ಟ ಚಪ್ಪಟೆ ಮಾನಿಟರಿನಲ್ಲಿ ಪವರ್ ಬೋರ್ಡಿನ ಕೆಪಾಸಿಟರು, ಹಿಂಬದಿಯ ದೀಪಗಳನ್ನು ಬದಲಿಸಿಕೊಳ್ಳಬಹುದು. ಆದರೆ ಪರದೆಯೇ ಒಡೆದರೆ ಹೊಸ ಪರದೆಯ ಬೆಲೆ ಹೊಸ ಮಾನಿಟರಿನ ಬೆಲೆಗೆ ಹತ್ತಿರವಾಗುವುದರಿಂದ ರಿಪೇರಿ ಅಲ್ಲಿಗೇ ನಿಲ್ಲುತ್ತದೆ.