ರೈತ ಅಂದ್ರೆ ಯಾರು? ಒಂದು ಪದದ ಕಥೆ

ಇವತ್ತಿನ ಸಂಚಿಕೆಯಲ್ಲಿ ಒಂದೇ ಒಂದು ಪದ. ದಿನಾ ಸುದ್ದಿಯಲ್ಲಿ ಕೇಳ್ತೀರಿ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಹಾಕ್ತೀರಿ: ರೈತ.

ನಾನು ಈ ಪದದ ಹಿಂದೆ ಬಿದ್ದಿದ್ದು ನಮ್ಮಜ್ಜಿಯಿಂದ. ಒಂದು ಯೋಜನೆಗೆ ಅರ್ಜಿ ಹಾಕೋಕೆ ಅವರನ್ನ ಕರ್ಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, "ಪಹಣಿ ಇನ್ನೂ ನಿಮ್ಮ ತಾತನ ಹೆಸರಲ್ಲೇ ಇದೆ. ಇವರು ರೈತರು ಅಂತ ಬರಲ್ಲ" ಅಂದ್ರು. ಐವತ್ತು ವರ್ಷ ರಾಗಿ ಬಿತ್ತಿ, ಕಳೆ ಕಿತ್ತು, ಒಕ್ಕಣೆ ಮಾಡಿದ ಕೈ ಅದು. ಅಜ್ಜಿ ಅಲ್ಲಿ ಏನೂ ಮಾತಾಡಲಿಲ್ಲ. ಬಸ್ಸಲ್ಲಿ ಕೂತ ಮೇಲೆ ಕೇಳಿದ್ರು: "ಹಂಗಾದ್ರೆ ನಾನ್ಯಾರು ಮಗ?"

ಉತ್ತರ ಹುಡುಕ್ತಾ ಹೋದ್ರೆ, 'ರೈತ' ಮೂಲತಃ ಕನ್ನಡದ ಪದವೇ ಅಲ್ಲ. ಅರಬ್ಬಿಯಲ್ಲಿ 'ರಈಯ' ಅಂದ್ರೆ ಕುರುಬ ಮೇಯಿಸುವ ಮಂದೆ. ದೊರೆ ಕುರುಬನಾದ್ರೆ ಪ್ರಜೆಗಳು ಮಂದೆ ಅನ್ನೋ ಲೆಕ್ಕದಲ್ಲಿ ಅದಕ್ಕೆ 'ಪ್ರಜೆ' ಅನ್ನೋ ಅರ್ಥವೂ ಬಂತು. ಪಾರಸಿಯಲ್ಲಿ ಅದು 'ರಯ್ಯತ್' ಆಯ್ತು. ಬಹಮನಿ, ಆದಿಲ್‌ಶಾಹಿ ಕಾಲದಿಂದ ನಮ್ಮಲ್ಲಿ ಕಂದಾಯದ ಕಡತಕ್ಕೆ ಪಾರಸಿ ನುಗ್ಗಿತು. ಜಮೀನು, ಫಸಲು, ತಹಶೀಲ್ದಾರ್ ಎಲ್ಲ ಅಂಥ ಪದಗಳೇ. ಮರಾಠಿಯ 'ರಯತ', ನಮ್ಮ 'ರೈತ' ಕೂಡ. ಉಳೋದು, ಬಿತ್ತೋದು ಯಾವುದೂ ಈ ಪದದ ಬೇರಿನಲ್ಲಿ ಇಲ್ಲ. ಇರೋದು ಆಳಿಸಿಕೊಳ್ಳುವವನು ಮಾತ್ರ.

ಎಸ್ಸೆಸ್ಸೆಲ್ಸಿಯಲ್ಲಿ 'ರೈತವಾರಿ ಪದ್ಧತಿ' ಓದಿದ್ದು ನೆನಪಿದೆಯಾ? 1792ರಿಂದ ಅಲೆಕ್ಸಾಂಡರ್ ರೀಡ್ ಮತ್ತು ಥಾಮಸ್ ಮನ್ರೋ ಬಾರಾಮಹಲ್‌ನಲ್ಲಿ, ಅಂದ್ರೆ ಈಗಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಕಡೆ, ಅದನ್ನ ಬೆಳೆಸಿದ್ರು. 1800ರಿಂದ 1807ರವರೆಗೆ ಮನ್ರೋ ನಮ್ಮ ಬಳ್ಳಾರಿಯೂ ಸೇರಿದ ಸೀಮೆಯ ಕಲೆಕ್ಟರ್ ಆಗಿದ್ರು. ಮಧ್ಯದಲ್ಲಿ ಜಮೀನ್ದಾರ ಬೇಡ, ಪ್ರತಿ ರೈತನ ಹೆಸರಿಗೇ ಕಂದಾಯ ಅನ್ನೋದು ಪದ್ಧತಿ. ರೈತನ ಹೆಸರು ಪುಸ್ತಕಕ್ಕೆ ಬಂದಿದ್ದು ತೆರಿಗೆ ವಸೂಲಿಗೆ.

ಹಾಗಾದ್ರೆ ಕನ್ನಡದವರು ಏನಂತಿದ್ರು? ಒಕ್ಕಲು, ಒಕ್ಕಲಿಗ, ಒಕ್ಕಲುತನ. ಒಕ್ಕಲು ಅಂದ್ರೆ ನೆಲೆ, ಮನೆ, ಸಂಸಾರ. ತಿರುಕ್ಕುರಳ್‌ನಲ್ಲಿ 'ಒಕ್ಕಲ್' ಅಂದ್ರೆ ನೆಂಟರು. ಕರಾವಳಿಯಲ್ಲಿ ಇವತ್ತಿಗೂ ಗೃಹಪ್ರವೇಶಕ್ಕೆ 'ಮನೆ ಒಕ್ಕಲು' ಅಂತಾರೆ. ಜನರನ್ನ ಜಾಗದಿಂದ ಓಡಿಸಿದ್ರೆ 'ಒಕ್ಕಲೆಬ್ಬಿಸಿದ್ರು' ಅಂತ ಸುದ್ದಿ ಬರುತ್ತೆ. ಈ ಪದದಲ್ಲಿ ಗಂಡಸು, ಹೆಂಗಸು, ಮಕ್ಕಳು, ಇಡೀ ಮನೆಯೇ ಇದೆ. ಹಾಗಂತ ಅದು ಬರೀ ಚಂದದ ಪದ ಅಂದ್ಕೋಬೇಡಿ. ಧಣಿಯ ಜಮೀನು ಗೇಣಿಗೆ ಮಾಡೋರನ್ನೂ 'ಒಕ್ಕಲು' ಅಂತಲೇ ಕರೀತಿದ್ರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಎದ್ದು ನಿಂತಿದ್ದು ಅಂಥ ಗೇಣಿದಾರರೇ.

ಇನ್ನು 'ರೈತ' ಪದವನ್ನ ಜನ ತಮ್ಮದು ಮಾಡಿಕೊಂಡ ರೀತಿ ನೋಡಿ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಹೋರಾಟ ನಡೆದು, ಗೋಲಿಬಾರ್‌ನಲ್ಲಿ ಜೀವಗಳು ಹೋದವು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅನುಮತಿ ಇಲ್ಲದೆ ಸಾಲ ವಸೂಲಿಯವರು ಬರಬಾರದು ಅಂತ ಊರ ಬಾಗಿಲಲ್ಲೇ ಬೋರ್ಡ್ ನಿಂತವು. ಮಂದೆ ಅಂತ ಶುರುವಾದ ಪದ ಹಸಿರು ಶಾಲು ಹೊದ್ದುಕೊಂಡು ತಿರುಗಿ ಪ್ರಶ್ನೆ ಕೇಳ್ತು.

ಆದ್ರೆ ಕಡತದ ಹಳೇ ಬುದ್ಧಿ ಪೂರ್ತಿ ಹೋಗಿಲ್ಲ. 2007ರ ರಾಷ್ಟ್ರೀಯ ರೈತ ನೀತಿ ಗೇಣಿದಾರರು, ಕೂಲಿಗಳು, ಪಶುಪಾಲಕರನ್ನೂ ರೈತರು ಅಂತ ಒಪ್ಪಿಕೊಳ್ಳುತ್ತೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಮಾತ್ರ ಜಮೀನು ಹೆಸರಲ್ಲಿರೋ ಕುಟುಂಬಗಳಿಗೆ. ಮನ್ರೋ ಕಾಲದಲ್ಲಿ ಪುಸ್ತಕದಲ್ಲಿ ಹೆಸರಿದ್ರೆ ತೆರಿಗೆ ಕಟ್ಟಬೇಕಿತ್ತು, ಈಗ ಹೆಸರಿಲ್ಲದಿದ್ರೆ ಹಣ ಬರಲ್ಲ. ಯಾರು ದುಡಿದ್ರು ಅಂತ ಪುಸ್ತಕ ಆಗಲೂ ಕೇಳಲಿಲ್ಲ, ಈಗಲೂ ಕೇಳ್ತಿಲ್ಲ.

ನಾವು ಪೌತಿ ಖಾತೆಗೆ ಅರ್ಜಿ ಕೊಟ್ಟಿದ್ದೀವಿ. ಅಜ್ಜಿ ವಾರಕ್ಕೊಂದು ಸಲ "ಬಂತಾ?" ಅಂತ ಕೇಳ್ತಾರೆ.

ಇದನ್ನ ಕೇಳ್ತಿರೋ ಫೋನಲ್ಲೇ ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಯಾರ ಹೆಸರಿದೆ? ಹೊಲದಲ್ಲಿ ದುಡಿದೋರು ಯಾರು? ಮುಂದಿನ ಸಂಚಿಕೆಯಲ್ಲಿ ಸಿಗೋಣ.