ಪರದೇಶದ ಪಾಕವೂ ಪ್ರತಿನಿಧಿದ್ರವ್ಯವೂ

ಪರದೇಶದ ಸಿಹಿತಿಂಡಿಯೊಂದರ ಕ್ರಮವನ್ನು ಓದಿಯೋ ಕೇಳಿಯೋ ತಿಳಿದು, ಅದನ್ನು ತಮ್ಮ ಅಡಿಗೆಯ ಮನೆಯಲ್ಲಿಯೇ ಮಾಡಿನೋಡಬೇಕೆಂಬ ಕುತೂಹಲವು ಈಚೆಗೆ ವಿದ್ಯಾವಂತರ ಮನೆಗಳಲ್ಲಿ ವಿಶೇಷವಾಗಿ ಕಂಡುಬರುತ್ತಿದೆ. ಕ್ರಮವನ್ನು ಬರೆದವರು ಮೊಟ್ಟೆ, ಬೆಣ್ಣೆ, ಬ್ರಾಂದಿ, ಓವನ್ ಎಂದು ಸಲೀಸಾಗಿ ಪಟ್ಟಿಮಾಡಿರುತ್ತಾರೆ. ನಮ್ಮಲ್ಲಿ ಇವುಗಳ ಪೈಕಿ ಒಂದಿದ್ದರೆ ಇನ್ನೊಂದಿರುವುದಿಲ್ಲ. ದೊರೆಯುವಂತಿದ್ದರೂ ಮನೆಯ ಆಚಾರವು ಅದಕ್ಕೆ ಅವಕಾಶ ಕೊಡುವುದಿಲ್ಲ. ಆಗ ಮಾಡುವವರು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಕೆಲಸವನ್ನು ಸಾಗಿಸುತ್ತಾರೆ. ಕೂಡಲೇ ಎರಡು ಕಡೆಗಳಿಂದಲೂ ಆಕ್ಷೇಪಣೆ ಹುಟ್ಟುತ್ತದೆ. “ಹೋಳಿಗೆ, ಕಡುಬು, ಚಿರೋಟಿಗಳಿರುವಾಗ ನಮಗೇಕೆ ಈ ಪರಕೀಯರ ಪಾಕ?” ಎಂದು ಹಿರಿಯರು ಕೇಳುತ್ತಾರೆ. “ಮೊಟ್ಟೆಯಿಲ್ಲದ ಮೇಲೆ ಅದು ಕೇಕೇ ಅಲ್ಲ” ಎಂದು ಕಿರಿಯರಲ್ಲಿ ತಿಳಿದವರು ನಗುತ್ತಾರೆ. ಈ ಎರಡು ಮಾತುಗಳಲ್ಲಿ ಹುರುಳೆಷ್ಟೆಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಸ್ವಲ್ಪ ವಿಚಾರಿಸುವುದು ಈ ಲೇಖನದ ಉದ್ದೇಶ.

ಪೂರ್ವಮೀಮಾಂಸೆಯನ್ನು ಓದಿದವರಿಗೆ ಈ ವಿವಾದವು ಹೊಸದಾಗಿ ತೋರದು. ಯಾಗಕ್ಕೆ ವಿಹಿತವಾದ ದ್ರವ್ಯವು ಸಿಕ್ಕದೆ ಹೋದರೆ ಕರ್ಮವನ್ನೇ ಬಿಡಬೇಕೇ, ಬೇರೊಂದು ದ್ರವ್ಯದಿಂದ ನಡೆಯಿಸಬಹುದೇ ಎಂಬುದನ್ನು ಜೈಮಿನಿಯು ತನ್ನ ಆರನೆಯ ಅಧ್ಯಾಯದಲ್ಲಿ ಚರ್ಚಿಸಿದ್ದಾನೆ. ವ್ರೀಹಿಯಿಲ್ಲದಿದ್ದಲ್ಲಿ ನೀವಾರವೆಂಬ ಕಾಡುಭತ್ತ. ಸೋಮಲತೆ ದೊರೆಯದಿದ್ದಲ್ಲಿ ಪೂತೀಕ. ಇವಕ್ಕೆ ಪ್ರತಿನಿಧಿಗಳೆಂದು ಹೆಸರು. ಆದರೆ ಕೈಗೆ ಸಿಕ್ಕಿದುದನ್ನೆಲ್ಲ ಪ್ರತಿನಿಧಿಯಾಗಿ ಹಿಡಿಯುವಂತಿಲ್ಲ. ಮೂಲದ್ರವ್ಯಕ್ಕೆ ಯಾವುದು ಅತ್ಯಂತ ಸದೃಶವೋ ಅದನ್ನೇ ಹಿಡಿಯತಕ್ಕದ್ದು. ಅಲ್ಲದೆ ದೇವತೆ, ಅಗ್ನಿ, ಮಂತ್ರ, ಕ್ರಿಯೆ ಇವುಗಳಿಗೆ ಪ್ರತಿನಿಧಿಯೇ ಇಲ್ಲ. ಒಲೆಯ ವಿಷಯಕ್ಕೆ ವೇದಿಯ ನ್ಯಾಯವನ್ನು ಎಳೆದುತಂದೆನೆಂದು ಶ್ರೋತ್ರಿಯರು ಕೋಪಿಸಿಕೊಳ್ಳಬಾರದು. ಪಾಕವೂ ಒಂದು ವಿಧಿಯೇ. ವಿನೋದವೇನೆಂದರೆ, ಯಾಗದಲ್ಲಿ ಪ್ರತಿನಿಧಿಯಿಲ್ಲವೆಂದು ಹೇಳಿಸಿಕೊಂಡ ಅಗ್ನಿಗೇ ಪಾಕದ ಚರಿತ್ರೆಯಲ್ಲಿ ಮೊಟ್ಟಮೊದಲು ಪ್ರತಿನಿಧಿಯು ದೊರೆಯಿತು.

ಇದಕ್ಕೆ ಅತ್ಯುತ್ತಮವಾದ ಉದಾಹರಣೆಯು ಜಪಾನ್ ದೇಶದ್ದು. ಪೋರ್ಚುಗೀಸರು 1543ರಲ್ಲಿ ತಾನೆಗಾಶಿಮ ದ್ವೀಪವನ್ನು ಮುಟ್ಟಿದರು. 1571ರಿಂದ ನಾಗಸಾಕಿಯ ಬಂದರು ಅವರ ಹಡಗುಗಳಿಗೆ ತೆರೆಯಿತು. ವ್ಯಾಪಾರಿಗಳ ಬೆನ್ನಿಗೆ ಪಾದ್ರಿಗಳೂ, ಪಾದ್ರಿಗಳ ಗಂಟಿನಲ್ಲಿ ಮಿಠಾಯಿಯೂ ಬಂದುವು. ಲೂಯಿಸ್ ಫ್ರೋಯಿಸ್ ಎಂಬ ಪಾದ್ರಿಯು 1569ರಲ್ಲಿ ಒಡಾ ನೊಬುನಾಗನೆಂಬ ಪ್ರಬಲ ದಂಡನಾಯಕನಿಗೆ ಗಾಜಿನ ಬುದ್ದಲಿಯಲ್ಲಿ ಸಕ್ಕರೆಯ ಕಾಳುಗಳನ್ನು ಕಾಣಿಕೆಯಾಗಿತ್ತನು. ಪೋರ್ಚುಗೀಸಿನಲ್ಲಿ ‘ಕೊನ್ಫೇಯ್ತು’ ಎನಿಸಿದ ಆ ಕಾಳು ಜಪಾನೀಯರ ಬಾಯಲ್ಲಿ ‘ಕೊಂಪೇತೊ’ ಆಯಿತು. ಅದರೊಡನೆ ಬಂದ ಮೃದುವಾದ ಕೇಕಿಗೆ ‘ಕಸುತೆರ’ ಎಂದು ಹೆಸರಾಯಿತು. ‘ಕಾಸ್ತೀಲದ ರೊಟ್ಟಿ’ ಎಂದು ಪರದೇಶೀಯರು ಹೇಳಿದುದೇ ಈ ರೂಪವನ್ನು ತಾಳಿತೆಂಬುದು ಸಾಮಾನ್ಯವಾಗಿ ಒಪ್ಪಿರುವ ನಿರುಕ್ತಿ.

ಕಸುತೆರಕ್ಕೆ ಬೇಕಾದುದು ಮೂರೇ ಪದಾರ್ಥ: ಮೊಟ್ಟೆ, ಸಕ್ಕರೆ, ಗೋದಿಯ ಹಿಟ್ಟು. ಆದರೆ ಅಂದಿನ ಜಪಾನಿನ ಗೃಹಸ್ಥನಿಗೆ ಮೊದಲನೆಯದು ನಿಷಿದ್ಧಪ್ರಾಯ, ಎರಡನೆಯದು ದುರ್ಲಭ, ಬೇಯಿಸಲು ಬೇಕಾದ ಓವನಂತೂ ಇಲ್ಲವೇ ಇಲ್ಲ. ಬೌದ್ಧಧರ್ಮದ ಪ್ರಭಾವದಿಂದ 675ರಲ್ಲಿ ತೆಮ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿ ಎಂಬ ಐದರ ಮಾಂಸವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ್ದನು. ಆ ಭಾವನೆಯ ನೆರಳು ಮೊಟ್ಟೆಯ ಮೇಲೂ ಬಹುಕಾಲ ಕವಿದಿತ್ತು. ಮೊಟ್ಟೆಯೆಂದರೆ ಹಿಂದೆಗೆಯುವುದು ನಮ್ಮ ಕೆಲವು ಮನೆಗಳಿಗೆ ಮಾತ್ರ ವಿಶೇಷವೆಂದು ತಿಳಿದವರು ಇದನ್ನು ಗಮನಿಸಬೇಕು. ಪರಕೀಯರ ತಿಂಡಿ ಕಾಲಿಟ್ಟ ಮೇಲೆ ಈ ಸಂಕೋಚವು ಮೆಲ್ಲಮೆಲ್ಲನೆ ಸಡಿಲಿ, 1785ರ ವೇಳೆಗೆ ಮೊಟ್ಟೆಯ ನೂರಕ್ಕೆ ಮೇಲ್ಪಟ್ಟ ಭಕ್ಷ್ಯಗಳನ್ನು ಹೇಳುವ ಪಾಕಗ್ರಂಥವೇ ಅಲ್ಲಿ ಅಚ್ಚಾಯಿತು.

ಇನ್ನು ಸಕ್ಕರೆ. ಅದು ಹಡಗಿನಲ್ಲಿ ಬರಬೇಕಾಗಿತ್ತು. ಮೊದಲು ಪೋರ್ಚುಗೀಸರೂ, ಅನಂತರ ಡಚ್ಚರೂ ಚೀನೀಯರೂ ತಂದು ನಾಗಸಾಕಿಯಲ್ಲಿ ಇಳಿಸುತ್ತಿದ್ದರು. ಇಲ್ಲಿ ಒಂದು ಮಾತು. ಪೋರ್ಚುಗೀಸರ ‘ಅಸೂಕರ್’ ಎಂಬ ಶಬ್ದವು ಅರಬ್ಬರ ‘ಸುಕ್ಕರ್’ನಿಂದಲೂ, ಅದು ಪಾರಸೀಕರ ‘ಶಕರ್’ನಿಂದಲೂ, ಅದು ನಮ್ಮ ‘ಶರ್ಕರಾ’ ಶಬ್ದದಿಂದಲೂ ಹುಟ್ಟಿದುದು. ಇಂಗ್ಲೀಷರ ‘ಕ್ಯಾಂಡಿ’ಯು ನಮ್ಮ ‘ಖಂಡ’. ಭಾರತವರ್ಷದಿಂದ ಹೊರಟ ಕಬ್ಬಿನ ಪಾಕವು ಪಾರಸೀಕ, ಅರಬ್ಬೀ ದೇಶಗಳನ್ನು ಸುತ್ತಿ, ಪಶ್ಚಿಮಸಮುದ್ರದ ದಡವನ್ನು ಮುಟ್ಟಿ, ಕೇಕಿನ ವೇಷದಲ್ಲಿ ಮತ್ತೆ ಪೂರ್ವಕ್ಕೆ ಬಂದಿತು. ಪರಕೀಯಪಾಕವೆಂದು ಮೂಗುಮುರಿಯುವ ನಮ್ಮ ಹಿರಿಯರು ಅದರ ಸಿಹಿಯ ಕುಲಗೋತ್ರವನ್ನಾದರೂ ಒಮ್ಮೆ ವಿಚಾರಿಸಬೇಕು.

ಒಲೆಯ ತೊಡಕನ್ನು ಜಪಾನೀಯರು ಪರಿಹರಿಸಿಕೊಂಡ ರೀತಿ ಇನ್ನೂ ಸ್ವಾರಸ್ಯವಾದುದು. ಮೊಟ್ಟೆಯನ್ನು ಕಡೆದಾಗ ಅದರೊಳಗೆ ಗಾಳಿಯು ಸೆರೆಯಾಗುತ್ತದೆ. ಕಾವು ತಗುಲಿದಾಗ ಗಾಳಿಯು ಹಿಗ್ಗಿ ಹಿಟ್ಟನ್ನು ಎತ್ತುತ್ತದೆ. ಅಷ್ಟರಲ್ಲಿ ಮೊಟ್ಟೆಯು ಗಟ್ಟಿಯಾಗಿ ಉಬ್ಬಿದುದನ್ನು ಉಬ್ಬಿದಂತೆಯೇ ನಿಲ್ಲಿಸುತ್ತದೆ. ಕೆಳಗಿನಿಂದ ಮಾತ್ರ ಕಾವು ಬಿದ್ದರೆ ತಳ ಸೀದು ಮೇಲ್ಭಾಗವು ಹಸಿಯಾಗಿ ಉಳಿಯುವುದು. ಆದಕಾರಣ ಅವರು ಪಾತ್ರೆಯ ಕೆಳಗೆ ಇದ್ದಲಿನ ಕೆಂಡವನ್ನಿಟ್ಟು, ಲೋಹದ ಮುಚ್ಚಳದ ಮೇಲೂ ಕೆಂಡವನ್ನು ಹೇರಿ, ಎರಡು ಬೆಂಕಿಗಳ ನಡುವೆ ಕಸುತೆರವನ್ನು ಬೇಯಿಸಿದರು. ಪಡುವಣ ದೇಶದ ಇಟ್ಟಿಗೆಯ ಗೂಡಿಗೆ ಇದೇ ಪ್ರತಿನಿಧಿ.

ಈ ತಿಂಡಿಯನ್ನು ತಂದವರ ಗತಿ ಮಾತ್ರ ದಾರುಣವಾಯಿತು. 1597ರಲ್ಲಿ ನಾಗಸಾಕಿಯಲ್ಲಿ ಇಪ್ಪತ್ತಾರು ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಿದರು. 1614ರಲ್ಲಿ ಆ ಮತವನ್ನು ದೇಶಾದ್ಯಂತ ನಿಷೇಧಿಸಲಾಯಿತು. 1639ರಲ್ಲಿ ಪೋರ್ಚುಗೀಸರ ಹಡಗುಗಳು ಬರುವುದೇ ನಿಂತುಹೋಯಿತು. ಆದರೂ ಕಸುತೆರ ನಿಲ್ಲಲಿಲ್ಲ. 1624ರಲ್ಲಿ ಸ್ಥಾಪಿತವಾಯಿತೆನ್ನುವ ಫುಕುಸಾಯ ಎಂಬ ಅಂಗಡಿಯವರು ನಾಗಸಾಕಿಯಲ್ಲಿ ಈಗಲೂ ಅದನ್ನು ಮಾಡಿ ಮಾರುತ್ತಾರೆ. ಪ್ರಭುತ್ವವು ದೇವರನ್ನೂ ಗುರುವನ್ನೂ ಭಾಷೆಯನ್ನೂ ಗಡಿಯಾಚೆಗೆ ಅಟ್ಟಿತು. ಅಡಿಗೆಯ ಮನೆಯೊಳಕ್ಕೆ ಹೋಗಿ ಅಟ್ಟಲಾರದೆ ಹೋಯಿತು. 1868ರ ತರುವಾಯದ ಮೇಯ್ಜಿ ಕಾಲದಲ್ಲಿ ಧಾನ್ಯದ ಪಿಷ್ಟದಿಂದ ಮಾಡಿದ ತಮ್ಮದೇ ಆದ ಸಿಹಿಯ ಅಂಟುಪಾಕವನ್ನು ಸೇರಿಸಿ, ಅದಕ್ಕೆ ಹಿಂದಿಲ್ಲದ ತೇವವನ್ನು ತಂದುಕೊಂಡರು. ಈಗ ಅದನ್ನು ಪರದೇಶದ್ದೆಂದರೆ ನಾಗಸಾಕಿಯವರು ಒಪ್ಪುವುದು ಕಷ್ಟ.

ಸಯಾಮಿನ ರಾಜಧಾನಿಯಾಗಿದ್ದ ಅಯುತ್ಥಯದಲ್ಲಿ ನಡೆದುದೂ ಇಂಥದೇ. ಮೊಟ್ಟೆಯ ಹಳದಿಯನ್ನು ಕುದಿಯುವ ಸಕ್ಕರೆಯ ಪಾಕದೊಳಕ್ಕೆ ಎಳೆಯೆಳೆಯಾಗಿ ಬಿಡುವ ‘ಫೊಯ್ ಥಾಂಗ್’ ಎಂಬ ಭಕ್ಷ್ಯವನ್ನು ಅಲ್ಲಿಗೆ ತಂದವಳು ಮಾರಿಯಾ ಗುಯೋಮಾರ್ ದೆ ಪಿನ್ಹ ಎಂದು ಪ್ರತೀತಿಯಿದೆ. ಇವಳು ಜಪಾನಿನಿಂದ ಓಡಿಬಂದ ಕ್ರೈಸ್ತರ ಸಂತತಿಯವಳು. ಸಯಾಮಿನ ದೊರೆಯ ಆಪ್ತಮಂತ್ರಿಯಾಗಿದ್ದ ಫಾಲ್ಕನ್ ಎಂಬ ಗ್ರೀಕನ ಹೆಂಡತಿ. 1688ರ ರಾಜ್ಯಕ್ರಾಂತಿಯಲ್ಲಿ ಗಂಡನ ತಲೆ ಹೋಯಿತು. ಅವಳು ಸೆರೆಯನ್ನೂ ದಾಸ್ಯವನ್ನೂ ಅನುಭವಿಸಿ, ಕಡೆಗೆ ಅರಮನೆಯ ಪಾಕಶಾಲೆಯಲ್ಲಿ ಮೇಲ್ವಿಚಾರಕಳಾದಳು. ಈ ಭಕ್ಷ್ಯಗಳು ಪೋರ್ಚುಗಲ್ಲಿನ ಸಂನ್ಯಾಸಿನಿಯರ ಮಠಗಳಲ್ಲಿ ಮೊದಲೇ ಇದ್ದುವಾದುದರಿಂದ ಕೀರ್ತಿಯೆಲ್ಲ ಅವಳೊಬ್ಬಳದೆಂದು ಹೇಳಲಾಗದು. ಮಂತ್ರಿಯ ಮಡದಿಯಾದುದರಿಂದ ಅವಳ ಹೆಸರು ಉಳಿಯಿತು. ಅವಳೊಡನೆ ಒಲೆಯ ಮುಂದೆ ಬೆವರಿದ ಇತರ ಹೆಂಗಸರ ಹೆಸರನ್ನು ಚರಿತ್ರಕಾರರು ಯಾರೂ ಕೇಳಲಿಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಆಲ್ಬುಕರ್ಕನು 1510ರಲ್ಲಿ ಗೋವೆಯನ್ನು ಬಿಜಾಪುರದ ಆದಿಲಶಾಹಿಯಿಂದ ಕಿತ್ತುಕೊಂಡ ಮೇಲೆ ಪೋರ್ಚುಗೀಸರ ಪಾಕಗಳು ಅಲ್ಲಿಯ ಮನೆಗಳನ್ನು ಹೊಕ್ಕುವು. ಹಸುವಿನ ಹಾಲಿನ ಸ್ಥಾನದಲ್ಲಿ ತೆಂಗಿನ ಹಾಲು ನಿಂತಿತು. ಬೆಣ್ಣೆಯ ಸ್ಥಾನದಲ್ಲಿ ತುಪ್ಪ ನಿಂತಿತು. ಗೋವೆಯ ಪ್ರಸಿದ್ಧವಾದ ‘ಬಿಬಿಂಕ’ವು ಹೀಗೆ ರೂಪುಗೊಂಡ ಭಕ್ಷ್ಯ. ಒಂದು ಪದರವನ್ನು ಹೊಯ್ದು, ಮೇಲಿನಿಂದ ಕೆಂಡದ ಕಾವನ್ನು ಕೊಟ್ಟು, ಅದು ಕೆಂಪಗಾದ ಮೇಲೆ ತುಪ್ಪ ಸವರಿ ಮುಂದಿನ ಪದರವನ್ನು ಹೊಯ್ಯಬೇಕು. ಏಳು ಪದರವಾದರೂ ಇರಬೇಕು. ಹದಿನಾರು ಮಾಡುವವರೂ ಉಂಟು. ಅರ್ಧ ದಿವಸ ಅದಕ್ಕೇ ಮೀಸಲು.

ಮೇಲೆ ಕೆಂಡ, ಕೆಳಗೆ ಕೆಂಡ ಎಂಬ ಉಪಾಯವನ್ನು ಕನ್ನಡಿಗರು ನಾಗಸಾಕಿಯಿಂದಾಗಲಿ ಗೋವೆಯಿಂದಾಗಲಿ ಕಲಿಯಬೇಕಾಗಿರಲಿಲ್ಲ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಹೇಳಿರುವ ರೊಟ್ಟಿಗಳ ಪೈಕಿ ಮುಚ್ಚಳರೊಟ್ಟಿಯೆಂಬುದೊಂದು, ಎರಡು ಪಾತ್ರೆಗಳ ನಡುವೆ ಇಟ್ಟು, ಮೇಲೂ ಕೆಳಗೂ ಕೆಂಡದಿಂದ ಬೇಯಿಸುವ ರೊಟ್ಟಿ ಅದು. ಓವನ್ ನಮ್ಮಲ್ಲಿ ಇರಲಿಲ್ಲವೆಂಬುದು ದಿಟ. ಓವನ್ನಿನ ತತ್ತ್ವವು ತಿಳಿದಿರಲಿಲ್ಲವೆಂಬುದು ದಿಟವಲ್ಲ.

ಗೋವೆಯಿಂದ ದಕ್ಷಿಣಕ್ಕೆ ಬಂದು ಮಂಗಳೂರಿನ ಸುತ್ತಮುತ್ತ ನೆಲಸಿದ ಕೊಂಕಣಿ ಕ್ರೈಸ್ತರು ಕ್ರಿಸ್‌ಮಸ್ಸಿನ ಕಾಲಕ್ಕೆ ನೆರೆಹೊರೆಗೆ ಹಂಚುವ ‘ಕುಸ್ವಾರ್’ ತಟ್ಟೆಯನ್ನು ನೋಡಿದವರಿಗೆ ಈ ಲೇಖನದ ಅರ್ಧಭಾಗ ಅನಾವಶ್ಯಕವೆನಿಸೀತು. ಅಚ್ಚನ್ನು ಕಾಯಿಸಿ ಹಿಟ್ಟಿನಲ್ಲಿ ಅದ್ದಿ ಕರಿದ ಹೂವಿನಾಕಾರದ ತಿಂಡಿ, ಸುರುಳಿ ಸುತ್ತಿದ ಕಿಡಿಯೊ, ನಮ್ಮ ಕರ್ಜಿಕಾಯಿಯ ಒಡಹುಟ್ಟಿದಂತಿರುವ ನೆವ್ರಿ ಇವುಗಳ ಪಕ್ಕದಲ್ಲಿಯೇ ಅಚ್ಚಗನ್ನಡದ ಚಕ್ಕುಲಿಯೂ ಎಳ್ಳುಂಡೆಯೂ ಕುಳಿತಿರುತ್ತವೆ. ಈ ಜನವನ್ನು 1784ರಲ್ಲಿ ಟೀಪುಸುಲ್ತಾನನು ಸೆರೆಹಿಡಿಯಿಸಿ ಶ್ರೀರಂಗಪಟ್ಟಣಕ್ಕೆ ಒಯ್ದನು. ಉಳಿದವರು ಬಿಡುಗಡೆಯಾದುದು 1799ರಲ್ಲಿ. ಹದಿನೈದು ವರ್ಷಗಳ ಆ ಸಂಕಟದ ಆಚೆಗೂ ಇಂಥ ತಟ್ಟೆಯು ಮನೆಯಿಂದ ಮನೆಗೆ ನಡೆಯುತ್ತಿರುವುದನ್ನು ನೆನೆದಾಗ ನಾಗಸಾಕಿಯ ನೆನಪು ತಾನಾಗಿ ಬರುತ್ತದೆ.

ಮಂಗಳೂರಿನಿಂದ ಇನ್ನೂ ತೆಂಕಣಕ್ಕೆ, ಮಲಬಾರಿನ ತಲಶ್ಶೇರಿಯಲ್ಲಿ, ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆಯೊಂದನ್ನು ತೆರೆದರು. ಆ ವಿದ್ಯೆಯನ್ನು ಬರ್ಮಾ ದೇಶದಲ್ಲಿ ಕಲಿತು ಬಂದಿದ್ದರು. ಅವರ ಮನೆತನದಲ್ಲಿ ಹೇಳಿಕೊಂಡು ಬಂದಿರುವ ವೃತ್ತಾಂತವಿದು. 1883ರಲ್ಲಿ ಅಂಜರಕಂಡಿಯ ತೋಟದ ಒಡೆಯನಾದ ಬ್ರೌನ್ ದೊರೆಯು ಇಂಗ್ಲೆಂಡಿನಿಂದ ತಂದ ಹಣ್ಣಿನ ಕೇಕೊಂದನ್ನು ಕೊಟ್ಟು, ಇಂಥದನ್ನು ಕ್ರಿಸ್‌ಮಸ್ಸಿಗೆ ಮಾಡಿಕೊಡೆಂದನು. ಪರಾಂಸಿನ ಬ್ರಾಂದಿಯನ್ನು ಮಾಹೆಯಿಂದ ತರಿಸಿ ಹಾಕೆಂದೂ ಸೂಚಿಸಿದನು. ಬಾಪುವು ಧರ್ಮಡದ ಕಮ್ಮಾರನಿಂದ ಅಚ್ಚನ್ನು ಮಾಡಿಸಿದರು; ಬ್ರಾಂದಿಯ ಬದಲಿಗೆ ಗೇರುಹಣ್ಣು, ಕದಳಿಬಾಳೆಗಳಿಂದ ಊರಲ್ಲಿಯೇ ಇಳಿಸಿದ ಮದ್ಯವನ್ನು ಹಾಕಿದರು. ದೊರೆಯು ರುಚಿನೋಡಿ, ಇನ್ನೂ ಒಂದು ಡಜನ್ ಬೇಕೆಂದನಂತೆ. ಇಲ್ಲಿಯೂ ಮೂಲಕ್ಕೆ ಸದೃಶವಾದುದನ್ನೇ ಪ್ರತಿನಿಧಿಯಾಗಿ ಹಿಡಿದಿರುವುದನ್ನು ನೋಡಿ: ಹಣ್ಣಿನ ಮದ್ಯದ ಸ್ಥಾನದಲ್ಲಿ ಹಣ್ಣಿನದೇ ಮದ್ಯ. ಆ ಗೇರುಮರವೂ ಪೋರ್ಚುಗೀಸರು ಬ್ರೆಜಿಲಿನಿಂದ ತಂದುದೇ.

ಉಳಿದುದು ಮೊಟ್ಟೆಯ ಪ್ರಶ್ನೆ. ಮೊಟ್ಟೆಯಿಲ್ಲದೆ ಮಾಡುವ ಯತ್ನವು ನಮ್ಮ ಮಡಿವಂತರದೊಂದೇ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಔಷಧವ್ಯಾಪಾರಿಯಾದ ಆಲ್‌ಫ್ರೆಡ್ ಬರ್ಡ್ ಎಂಬವನ ಹೆಂಡತಿಗೆ ಮೊಟ್ಟೆಯೂ ಹುಳಿಹಿಟ್ಟಿನ ಯೀಸ್ಟೂ ಮೈಗೆ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಬೇಕಿಂಗ್ ಪೌಡರನ್ನೂ ಸಿದ್ಧಪಡಿಸಿದನು. ನಮ್ಮ ಶಾಕಾಹಾರಿಗಳ ಮನೆಯ ಕಪಾಟುಗಳಲ್ಲಿ ಈ ಎರಡು ಡಬ್ಬಗಳೂ ನಿಶ್ಚಿಂತೆಯಾಗಿರುವುದು ಆ ಸಾಧ್ವಿಯ ಅಜೀರ್ಣದ ಪುಣ್ಯದಿಂದ.

ಆದರೆ ಇಲ್ಲಿ ಮೀಮಾಂಸಕರ ವಿವೇಚನೆಯನ್ನು ಬಿಡಬಾರದು. ಕಸುತೆರದಲ್ಲಿ ಮೊಟ್ಟೆಯು ಗುಣದ್ರವ್ಯವಲ್ಲ, ಅದೇ ದೇವತೆ. ಅದನ್ನು ತೆಗೆದರೆ ಉಳಿಯುವುದು ಸಕ್ಕರೆ ಬೆರೆಸಿದ ಹಿಟ್ಟು. ಮೊಟ್ಟೆ ಮುಟ್ಟದ ಮನೆಯವರು ಅದನ್ನು ಮಾಡಹೊರಡುವುದು ವ್ಯರ್ಥ. ನಗುವ ಕಿರಿಯರ ಮಾತು ಇಷ್ಟರಮಟ್ಟಿಗೆ ಸರಿ. ಹಣ್ಣಿನ ಕೇಕಿನ ವಿಷಯ ಬೇರೆ. ಅಲ್ಲಿ ಪ್ರಧಾನವಾದುದು ಒಣದ್ರಾಕ್ಷಿ, ಕಿತ್ತಳೆಯ ಸಿಪ್ಪೆ, ಜಾಯಿಕಾಯಿ, ಲವಂಗ, ಕಂದುಹತ್ತಿಸಿದ ಸಕ್ಕರೆ. ಮೊಟ್ಟೆಯು ಅವನ್ನು ಹಿಡಿದಿಡುವ ಪರಿಚಾರಕ ಮಾತ್ರ. ಆ ಪರಿಚರ್ಯೆಯನ್ನು ಗಟ್ಟಿಮೊಸರೂ ಸೋಡಾವೂ ಸೇರಿ ಮಾಡಬಲ್ಲುವು. ಮೊಸರಿನ ಹುಳಿ ಸೋಡಾಕ್ಕೆ ತಗುಲಿದೊಡನೆ ಅಂಗಾರಾಮ್ಲವಾಯು ಹುಟ್ಟಿ ಹಿಟ್ಟು ಉಬ್ಬತೊಡಗುತ್ತದೆ. ಆದುದರಿಂದ ಕಲಸಿದ ಮೇಲೆ ಮಾತನಾಡುತ್ತ ಕೂಡದೆ ಕೂಡಲೇ ಕಾವಿಗಿಡಬೇಕು. ಚಪಾತಿಯ ಹಿಟ್ಟನ್ನು ನಾದಿದಂತೆ ನಾದಲೂ ಬಾರದು; ಗೋದಿಯ ಅಂಟು ಬಲಿತು ಕೇಕು ಗಡುಸಾಗುವುದು. ಬ್ರಾಂದಿಗೆ ಕಿತ್ತಳೆಯ ರಸವು ಸಾಕಾದ ಪ್ರತಿನಿಧಿ. ಒಣಹಣ್ಣನ್ನು ಒಂದು ರಾತ್ರಿ ಅದರಲ್ಲಿ ನೆನೆಯಿಡುವುದು.

ಓವನ್ ಇಲ್ಲದ ಮನೆಗಳಲ್ಲಿ ಈಗ ಸಾಮಾನ್ಯವಾಗಿ ಪ್ರೆಷರ್ ಕುಕ್ಕರನ್ನೇ ಉಪಯೋಗಿಸುತ್ತಾರೆ. ಅದರ ಗ್ಯಾಸ್ಕೆಟ್ಟನ್ನೂ ಮೇಲಿನ ವೆಯ್ಟನ್ನೂ ತೆಗೆದಿಟ್ಟು, ನೀರು ಹಾಕದೆ, ತಳದಲ್ಲಿ ಪುಡಿಯುಪ್ಪನ್ನೋ ಮರಳನ್ನೋ ಎರಡು ಬೆರಳಷ್ಟು ಹರಡಿ, ಅದರ ಮೇಲೆ ಒಂದು ಸಿಂಬಿ, ಸಿಂಬಿಯ ಮೇಲೆ ತುಪ್ಪ ಸವರಿದ ಪಾತ್ರೆಯಲ್ಲಿ ಹಿಟ್ಟು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬೇಕಾಗುತ್ತದೆ. ಮುಚ್ಚಳದ ಮೇಲೆ ಈಗ ಯಾರೂ ಕೆಂಡವನ್ನು ಹೇರುವುದಿಲ್ಲವಾದಕಾರಣ ಮೇಲ್ಭಾಗವು ಸ್ವಲ್ಪ ಬಿಳಿಚಿಕೊಂಡಿರುತ್ತದೆ. ಮಂಗರಸನ ಮುಚ್ಚಳರೊಟ್ಟಿಗೆ ಆ ಕೊರತೆ ಇದ್ದಿರಲಾರದು.