ಕಾಳಿಯ ಪೀಠದಲ್ಲಿ ಸಿಕ್ಕ ಅಶೋಕ

ನಮ್ಮೂರು ಹಿರೋಳ್ಳಿ. ಆಳಂದ ತಾಲೂಕಿನ ಅಂಚು, ಅದರಾಚೆ ಮಹಾರಾಷ್ಟ್ರ. ನಮ್ಮ ತಾಲೂಕಿನ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಮುಂದೆ ಹರಿದು ಚಿತ್ತಾಪುರ ತಾಲೂಕಿನ ಸನ್ನತಿಯನ್ನು ಮುಟ್ಟುತ್ತಾಳೆ. ಸನ್ನತಿ ಅಂದ್ರೆ ಚಿಕ್ಕಂದಿನಿಂದ ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಮನೆದೇವರು ಚಂದ್ರಲಾ ಪರಮೇಶ್ವರಿ. ಕಳೆದ ರಜೆಗೆ ಬೆಂಗಳೂರಿನಿಂದ ಹೋದಾಗ ಅವ್ವ, "ತಮ್ಮಾ, ಸನ್ನತಿಗಿ ಹೋಗಿ ಉಡಿ ತುಂಬಿ ಬರೂಣು" ಅಂದಳು. ಸರಿ, ಡ್ರೈವರ್ ಕೆಲಸ ನನ್ನದು.

ಅವ್ವ ಪೂಜೆಗೆ ಕೂತಾಗ ನಾನು ಗುಡಿ ಸುತ್ತುತ್ತಾ ಇದ್ದೆ. ಅಲ್ಲೇ ಕೇಳಿದ್ದು ಈ ಕತೆ. ಊರಿಗೆ ಬಂದ ಮೇಲೆ ಪುಸ್ತಕ ಹುಡುಕಿ ಓದಿದೆ.

1986ರಲ್ಲಿ ಈ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಅವಶೇಷ ತೆಗೆಯುವಾಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಶೋಕನ ಶಾಸನ! ಒಂದು ಬದಿಯಲ್ಲಿ 12 ಮತ್ತು 14ನೆಯ ಶಾಸನಗಳು. ಇನ್ನೊಂದು ಬದಿಯಲ್ಲಿ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೂ ಮೊದಲು ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ, ಅಂದರೆ ಅಶೋಕ ಯುದ್ಧ ಮಾಡಿ ಗೆದ್ದ ಕಳಿಂಗದಲ್ಲಿ. ಅಲ್ಲಿಯ ಮಾತು ನಮ್ಮ ಭೀಮೆಯ ದಂಡೆಗೂ ಬಂದಿದೆ ಅಂದ್ರೆ, ಆಗ ಇದು ಸಣ್ಣ ಊರಾಗಿರಲಿಕ್ಕಿಲ್ಲ.

ಆಗಿರಲೂ ಇಲ್ಲ. ಹೊಳೆಯ ಪಕ್ಕದಲ್ಲೇ ರಣಮಂಡಲ ಅನ್ನುವ ಜಾಗವಿದೆ. ಹಳೆಯ ಪಟ್ಟಣಕ್ಕೆ ಕೋಟೆ ಕಟ್ಟಿದ್ದ ಗುರುತು ಅಲ್ಲಿದೆ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಕನಗನಹಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣೆ 1994ರಿಂದ ಇಲ್ಲಿ ಅಗೆದಾಗ ಸಿಕ್ಕಿದ್ದು ಒಂದು ಇಡೀ ಬೌದ್ಧ ಸ್ತೂಪ. ಸುಣ್ಣಕಲ್ಲಿನ ಫಲಕಗಳ ಮೇಲೆ ಜಾತಕ ಕತೆಗಳು, ಶಾತವಾಹನ ರಾಜರು, ಜೊತೆಗೆ ಹೆಸರುಗಳು. ಒಂದು ಫಲಕದಲ್ಲಿ ರಾಜ ನಿಂತಿದ್ದಾನೆ, ಪಕ್ಕದಲ್ಲಿ ಹೆಂಗಸರು, ಮೇಲೆ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ". ಅಶೋಕ ಸತ್ತು ಎಷ್ಟೋ ಕಾಲವಾದ ಮೇಲೆ ಕಡೆದದ್ದು. ಆದರೆ ಹೆಸರು ಬರೆದಿರುವುದರಿಂದ ಇದು ಅಶೋಕನೇ ಅಂತ ಅನುಮಾನವಿಲ್ಲದೆ ಹೇಳಬಹುದು. ಪಠ್ಯಪುಸ್ತಕದಲ್ಲಿ ಕಂಡ ರಾಜನ ಮುಖ ನಮ್ಮ ಜಿಲ್ಲೆಯಲ್ಲೇ ಇತ್ತು ಕಣ್ರೀ!

ಯೂನಿಕೋಡ್‌ನಲ್ಲಿ ಬ್ರಾಹ್ಮಿಗೆ ಜಾಗ ಸಿಕ್ಕಿದ್ದು 2010ರಲ್ಲಿ. ಕನ್ನಡ ಟೈಪ್ ಮಾಡಲು ಒದ್ದಾಡಿದ ನಮಗೆ ಅದರ ಬೆಲೆ ಗೊತ್ತು. ನಮ್ಮ ಕನ್ನಡ ಅಕ್ಷರ ಹುಟ್ಟಿದ್ದೂ ಅದೇ ಬ್ರಾಹ್ಮಿಯಿಂದ.

ವಾಪಸ್ ಬರುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಎರಡು ಸಾವಿರ ವರ್ಷದ ಶಾಸನಕ್ಕೆ ತೂತು ಕೊರೆದು ಮೂರ್ತಿ ನಿಲ್ಲಿಸಿದ್ದಾರೆ, ಕೆಲವು ಅಕ್ಷರ ಹೋಗೇಬಿಟ್ಟವಲ್ಲ ಅಂತ ಅವ್ವನ ಮುಂದೆ ಒದರಾಡಿದೆ. ಅವ್ವ ಸುಮ್ಮನೆ ಕೇಳಿ ಅಂದಳು, "ಕಾಳವ್ವನ ಪಾದದಾಗ ಇತ್ತು, ಅದಕ್ಕ ಉಳದದ. ಹೊರಗ ಬಿದ್ದಿದ್ದರ ಯಾರೋ ಮನಿ ಕಟ್ಟಲಾಕ ಒಯ್ತಿದ್ದರು ನೋಡು."

ನಾನು ಬಾಯಿ ಮುಚ್ಚಿದೆ. ಆಮೇಲೆ 12ನೆಯ ಶಾಸನದ ತಾತ್ಪರ್ಯ ಓದಿದೆ. ತನ್ನ ಪಂಥವನ್ನು ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಅನ್ನುತ್ತಾನೆ ಅಶೋಕ. ಆ ಮಾತನ್ನು ಕಾಪಾಡಿಕೊಂಡು ಬಂದದ್ದು ಬೇರೆ ಧರ್ಮದ ಒಂದು ಗುಡಿ. ಅದೂ ಅಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದೆ!

ಕನಗನಹಳ್ಳಿಯ ಫಲಕಗಳಿಗೆ ಅಂಥ ಆಸರೆ ಇರಲಿಲ್ಲ. ಅಗೆದು ತೆಗೆದ ಮೇಲೆ ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಬಿದ್ದಿದ್ದವು. 2022ರಲ್ಲಿ ಸ್ತೂಪದ ಜೀರ್ಣೋದ್ಧಾರದ ಕೆಲಸ ಶುರುವಾಯಿತು. ಮಣ್ಣು ಉಳಿಸಿಕೊಟ್ಟಿದ್ದನ್ನು ಉಳಿಸುವುದು ಈಗ ನಮ್ಮ ಕೈಲಿದೆ.

ನೀವೂ ಒಮ್ಮೆ ಹೋಗಿ ಬನ್ನಿ. ರೈಲಿನಲ್ಲಿ ಹೋಗುವವರಿಗೆ ನಾಲವಾರ ನಿಲ್ದಾಣ ಹತ್ತಿರ. ಚಳಿಗಾಲದಲ್ಲಿ ಹೋಗಿ, ನೀರು ಮತ್ತು ಟೊಪ್ಪಿಗೆ ಮರೀಬೇಡಿ. ದೇವಿ ದರ್ಶನ ಮುಗಿಸಿ ಹಾಗೇ ತಿರುಗಿ ಬರಬೇಡಿ, ಕನಗನಹಳ್ಳಿಗೂ ಹೋಗಿ. ಸ್ತೂಪ ನೋಡಲು ಹೋದವರು ದೇವಿಯನ್ನೂ ನೋಡಿ ಬನ್ನಿ. ಮತ್ತೆ, ಅವ್ವನನ್ನೋ ಅಜ್ಜಿಯನ್ನೋ ಜೊತೆಗೆ ಕರ್ಕೊಂಡು ಹೋದರೆ ಇನ್ನೂ ಒಳ್ಳೇದು.